ಇಪ್ಪತ್ತು ಪೌಂಡಿಗೆ ಉಳಿದ ಚರ್ಚು

ಇಂಗ್ಲೆಂಡಿನ ವೂಸ್ಟರ್‌ಶೈರ್ ಪ್ರಾಂತ್ಯದಲ್ಲಿ, ಮಾಲ್ವರ್ನ್ ಬೆಟ್ಟಗಳ ಬುಡದಲ್ಲಿ ಗ್ರೇಟ್ ಮಾಲ್ವರ್ನ್ ಪ್ರಯರಿ ಚರ್ಚ್ ಇದೆ. ಸುಮಾರು 1085ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳಿಗಾಗಿ ಆರಂಭವಾದ ಮಠವಿದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಅಧೀನವಾಗಿತ್ತು.

ಒಳಗೆ ಕಾಲಿಟ್ಟರೆ ಎರಡು ಕಾಲಗಳು ಒಟ್ಟಿಗೆ ಎದುರಾಗುತ್ತವೆ. ನಡುಸಾಲೆಯ ಎರಡೂ ಬದಿಗೆ ನಾರ್ಮನ್ನರ ದಪ್ಪ ದುಂಡು ಕಂಬಗಳು, ಅವುಗಳ ನಡುವೆ ಅರ್ಧವೃತ್ತದ ಕಮಾನುಗಳು. ಅವುಗಳ ಮೇಲೆ 15ನೇ ಶತಮಾನದ ಕಟ್ಟಡ ಎದ್ದಿದೆ. ಹಳೆಯದನ್ನು ಪೂರ್ತಿ ಕೆಡವದೆ, ಅದರ ಮೇಲೆಯೇ ಎತ್ತರದ ಗೋಡೆ, ಅಗಲವಾದ ಕಿಟಕಿಗಳು ಮತ್ತು ಒಂದು ಗೋಪುರವನ್ನು ಏರಿಸಿದರು. ಗೋಡೆ ಕಲ್ಲಿಗಿಂತ ಹೆಚ್ಚಾಗಿ ಗಾಜೇ ಆಯಿತು. ಅದರಲ್ಲಿ ಬೈಬಲಿನ ಕಥೆಗಳನ್ನು ಬಣ್ಣದಲ್ಲಿ ಮೂಡಿಸಿದರು. ಉತ್ತರ ಭಾಗದ ಕಿಟಕಿ ದೊರೆ ಏಳನೇ ಹೆನ್ರಿಯ 1501ರ ಕೊಡುಗೆ.

ಸನ್ಯಾಸಿಗಳು ನಿಂತು ಹಾಡುತ್ತಿದ್ದ ಜಾಗದ ಮರದ ಪೀಠಗಳನ್ನು ಹತ್ತಿರದಿಂದ ನೋಡಬೇಕು. ಪೀಠದ ಹಲಗೆಯನ್ನು ಮೇಲೆತ್ತಿದರೆ ಅದರ ತಳದಲ್ಲಿ ಒಂದು ಪುಟ್ಟ ಅಂಚು. ಗಂಟೆಗಟ್ಟಲೆ ನಿಲ್ಲಬೇಕಾದವರು ಅದಕ್ಕೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರು. ಇವಕ್ಕೆ ಮಿಸೆರಿಕಾರ್ಡ್ ಎನ್ನುತ್ತಾರೆ. ಅಂಚಿನ ಕೆಳಗೆ ಕೆತ್ತನೆಗಳಿವೆ. ಒಂದರಲ್ಲಿ ಮೂರು ಇಲಿಗಳು ಸೇರಿ ಬೆಕ್ಕನ್ನು ನೇಣಿಗೇರಿಸುತ್ತಿವೆ! ಇನ್ನು ಕೆಲವುಗಳಲ್ಲಿ ತಿಂಗಳಿಗೊಂದು ರೈತಕೆಲಸ. ದೇವರಮನೆಯ ನಡುವೆಯೇ ಬಡಗಿ ಊರಿನ ಬದುಕನ್ನೂ ತುಂಟತನವನ್ನೂ ಕೆತ್ತಿದ.

ಹೆಂಚಿನ ಕುಶಲತೆಯೂ ಅಷ್ಟೇ ಅಪರೂಪದ್ದು. ಕೆಂಪು ಜೇಡಿಯ ಮೇಲೆ ಅಚ್ಚೊತ್ತಿ, ಆ ತಗ್ಗಿಗೆ ಬಿಳಿ ಜೇಡಿ ತುಂಬಿ, ಸೀಸದ ಮೆರುಗು ಕೊಟ್ಟು ಸುಡುತ್ತಿದ್ದರು. ನೆಲಕ್ಕಷ್ಟೇ ಅಲ್ಲ, ಗೋಡೆಗೂ ಹೆಂಚು ಹಚ್ಚಿದ್ದು ಇಲ್ಲಿನ ವಿಶೇಷ. 1450ರ ದಶಕದ ತಾರೀಖು ಹೊತ್ತ ಹೆಂಚುಗಳು ಇಂದಿಗೂ ಇವೆ. ಅವುಗಳನ್ನು ಸುಟ್ಟ ಗೂಡು ಚರ್ಚಿನ ಪಕ್ಕದಲ್ಲೇ 1833ರಲ್ಲಿ ಸಿಕ್ಕಿತು.

ಇಷ್ಟೆಲ್ಲ ಉಳಿದದ್ದು ತಾನಾಗಿ ಅಲ್ಲ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ವೂಸ್ಟರ್‌ನ ಬಿಷಪ್ ಲ್ಯಾಟಿಮರ್, ಬೋಧನೆ ಮತ್ತು ಅತಿಥಿ ಸತ್ಕಾರಕ್ಕಾಗಿ ಮಾಲ್ವರ್ನ್ ಅನ್ನು ಉಳಿಸಿ ಎಂದು ಮಂತ್ರಿ ಕ್ರಾಮ್‌ವೆಲ್‌ಗೆ ಬರೆದರು. ಮನವಿ ಫಲಿಸಲಿಲ್ಲ. ಆಸ್ತಿ ಖಾಸಗಿಯವರ ಕೈ ಸೇರಿತು. ಊರವರ ಸ್ವಂತ ಚರ್ಚ್ ಆಗ ಶಿಥಿಲವಾಗಿತ್ತು. 1541ರಲ್ಲಿ ಅವರು ಜಾನ್ ನಾಟ್ಸ್‌ಫರ್ಡ್ ಎಂಬ ಹೊಸ ಒಡೆಯನಿಂದ ಮಠದ ಚರ್ಚನ್ನು 20 ಪೌಂಡಿಗೆ ಕೊಂಡರು. ದಕ್ಷಿಣದ ಅಡ್ಡಸಾಲೆ ಮತ್ತು ಪೂರ್ವದ ಮೇರಿ ಮಾತೆಯ ಗುಡಿ ನೆಲಸಮವಾದವು, ಉಳಿದದ್ದು ಊರಿನದಾಯಿತು. ಮಾರಿದ ನಾಟ್ಸ್‌ಫರ್ಡ್ 1589ರಲ್ಲಿ ತೀರಿಕೊಂಡ. ಅವನ ಅಲಬಾಸ್ಟರ್ ಸಮಾಧಿಯೂ ಇದೇ ಚರ್ಚಿನೊಳಗಿದೆ.

ಬಡ ಊರಿಗೆ ಇಷ್ಟು ದೊಡ್ಡ ಕಟ್ಟಡವನ್ನು ಸಾಕುವುದು ಸುಲಭವಿರಲಿಲ್ಲ. ಶತಮಾನಗಳ ಬಳಿಕ, 1860ರ ಸುಮಾರಿಗೆ, ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅದನ್ನು ಜೀರ್ಣೋದ್ಧಾರ ಮಾಡಿದರು. ಇಂದಿಗೂ ಅದು ಊರಿನ ಚರ್ಚೇ, ಪೂಜೆ ನಿಂತಿಲ್ಲ.