ರೋಗಗ್ರಹಿಕೆ

ವರ್ಷಗಟ್ಟಲೆ ಬಿಡದೆ ಕಾಡುವ ಕಾಯಿಲೆಯನ್ನು ರೋಗಿ ತನ್ನ ಅನುಭವ, ನೆಂಟರಿಷ್ಟರ ಮಾತು, ವೈದ್ಯರ ವಿವರಣೆಗಳ ಆಧಾರದ ಮೇಲೆ ಅರ್ಥಮಾಡಿಕೊಳ್ಳುವ ಬಗೆ. ಈ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಲೆವೆಂಥಾಲ್ ಪ್ರಮುಖರು. ಅವರ ಪ್ರಕಾರ ರೋಗಿಯ ಮನಸ್ಸಿನಲ್ಲಿ ಸುಳಿಯುವ ಪ್ರಶ್ನೆಗಳು ಐದು: ಇದು ಯಾವ ಕಾಯಿಲೆ, ಯಾಕೆ ಬಂತು, ಎಷ್ಟು ಕಾಲ ಇರುತ್ತದೆ, ಏನೇನು ಮಾಡೀತು, ಹತೋಟಿಗೆ ಬರುತ್ತದೆಯೇ.

ರಕ್ತದೊತ್ತಡ ಏರಿದರೂ ಬಹುಪಾಲು ಜನರಿಗೆ ಸುಳಿವೇ ಸಿಗುವುದಿಲ್ಲ. ಆದರೆ ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ಏರಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಪ್ಪಿದ ಎಷ್ಟೋ ಮಂದಿ ತಮಗೆ ಮಾತ್ರ ಗೊತ್ತಾಗುತ್ತದೆ ಎಂದರು. ತಲೆನೋವು, ಮುಖ ಬಿಸಿಯಾಗುವುದು ಅವರು ಕಂಡುಕೊಂಡ ಗುರುತುಗಳು. ಇದನ್ನು ಬಂದುಹೋಗುವ ಕಾಯಿಲೆ ಎಂದುಕೊಂಡವರು ಚಿಕಿತ್ಸೆಯನ್ನು ನಡುವೆಯೇ ಬಿಡುವ ಸಂಭವ ಹೆಚ್ಚಿತ್ತು. ತಲೆ ಸುತ್ತಿದ ದಿನ ಮಾತ್ರ ಬಿಪಿ ಮಾತ್ರೆ ನುಂಗುವವರು, ಶುಗರ್ ನಾರ್ಮಲ್ ಬಂತೆಂದು ಔಷಧಿ ನಿಲ್ಲಿಸುವವರು ನಮ್ಮಲ್ಲೂ ಇದ್ದಾರೆ. ಇದನ್ನು ಉಡಾಫೆ ಎನ್ನಲಾಗದು. ಜ್ವರ ಇಳಿದ ಮೇಲೆ ಮಾತ್ರೆ ಯಾಕೆ ಎಂಬ ತರ್ಕವೇ ಇಲ್ಲೂ ಕೆಲಸ ಮಾಡುತ್ತದೆ. ಮಾತ್ರೆ ಉಷ್ಣ, ಒಮ್ಮೆ ಶುರುಮಾಡಿದರೆ ಬಿಡುವಂತಿಲ್ಲ ಎಂಬ ಅಂಜಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ.

ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಇದೇ ವಿಷಯವನ್ನು ಸಂಸ್ಕೃತಿಯ ಕಡೆಯಿಂದ ನೋಡಿದರು. ಕಾಯಿಲೆ ಯಾಕೆ ಬಂತೆಂದು ನಿಮಗನ್ನಿಸುತ್ತದೆ ಎಂದು ವೈದ್ಯರೇ ಕೇಳಬೇಕೆಂಬುದು ಅವರ ವಾದ. ಈ ಜಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತಿತರರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಮೈಕೈ ನೋವು ಯಾರಿಗಾದರೂ ಬರುವಂಥದ್ದು, ಹೇಳಿಕೊಳ್ಳಲು ಅಡ್ಡಿಯಿಲ್ಲ; ಆದರೆ ಮನಸ್ಸಿನ ಬೇಗೆ ಹೊರಗೆ ಗೊತ್ತಾದರೆ ಕಳಂಕ ಎಂದು ಅಲ್ಲಿನ ರೋಗಿಗಳು ಭಾವಿಸಿದ್ದರು.

ಗ್ರಹಿಕೆಯನ್ನು ಅಳೆಯಲು 1996ರಲ್ಲಿ ಒಂದು ಪ್ರಶ್ನಾವಳಿ ಬಂತು. ಅದರ 2006ರ ಚಿಕ್ಕ ಆವೃತ್ತಿಯಲ್ಲಿ ಎಂಟು ಪ್ರಶ್ನೆಗಳಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ಒಂಬತ್ತನೆಯದರಲ್ಲಿ ರೋಗಿ ತನಗೆ ತೋಚಿದ ಮೂರು ಕಾರಣಗಳನ್ನು ತನ್ನ ಮಾತಿನಲ್ಲೇ ಬರೆಯುತ್ತಾನೆ. ಅಂಕಗಳಿಗಿಂತ ಹೆಚ್ಚು ತಿಳಿಸುವುದು ಬಹುಶಃ ಈ ಮೂರು ಸಾಲುಗಳೇ.

ಗ್ರಹಿಕೆಯನ್ನು ತಿದ್ದಲು ಬರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೀತ್ ಪೆಟ್ರಿ ತಂಡ ಮೊದಲ ಸಲ ಹೃದಯಾಘಾತವಾದವರೊಂದಿಗೆ ಆಸ್ಪತ್ರೆಯಲ್ಲೇ ಮೂರು ಬೈಠಕ್ ನಡೆಸಿ, ಅವರ ತಪ್ಪು ಕಲ್ಪನೆಗಳನ್ನು ಚರ್ಚಿಸಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇವರು ಉಳಿದವರಿಗಿಂತ ಬೇಗ ಕೆಲಸಕ್ಕೆ ಮರಳಿದರು. ಮೂರು ತಿಂಗಳ ನಂತರ ಎದೆನೋವಿನ ದೂರುಗಳೂ ಇವರಲ್ಲಿ ಕಡಿಮೆಯಿದ್ದವು.