ಪ್ರಮಾಣಿತ ವಾಯುಮಂಡಲ: ಒಂದು ಒಡಂಬಡಿಕೆಯ ಇತಿಹಾಸ

ವಿಮಾನಚಾಲನೆಯ ಲಿಖಿತ ಪರೀಕ್ಷೆಗೆ ಸಿದ್ಧನಾಗುವ ವಿದ್ಯಾರ್ಥಿಯು ತಪ್ಪದೆ ಕಲಿಯುವ ಲೆಕ್ಕವೊಂದಿದೆ. ಒತ್ತಡ ಎತ್ತರವನ್ನು ಸಾವಿರ ಅಡಿಗಳಲ್ಲಿ ಬರೆದು, ಎರಡರಿಂದ ಗುಣಿಸಿ, ಬಂದುದನ್ನು 15ರಲ್ಲಿ ಕಳೆದರೆ ಆ ಎತ್ತರದ ಪ್ರಮಾಣಿತ ತಾಪಮಾನವು ಸೆಲ್ಸಿಯಸ್‌ನಲ್ಲಿ ದೊರೆಯುತ್ತದೆ. 20,000 ಅಡಿಗೆ ಉತ್ತರ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಈ 15 ಮತ್ತು 2 ನಿಸರ್ಗದ ನಿಯಮಗಳೆ, ಮನುಷ್ಯರ ಒಡಂಬಡಿಕೆಯೆ ಎಂಬುದು ಇಲ್ಲಿನ ಪ್ರಶ್ನೆ.

1648ರಲ್ಲಿ ಪಾಸ್ಕಲನ ಕೋರಿಕೆಯಂತೆ ಪೆರಿಯೆ ಎಂಬವನು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟವನ್ನು ಪಾದರಸದ ನಳಿಕೆಯೊಡನೆ ಏರಿ, ಎತ್ತರ ಹೆಚ್ಚಿದಂತೆ ಪಾದರಸ ಇಳಿಯುವುದನ್ನು ಕಂಡನು. ಒತ್ತಡದಿಂದ ಎತ್ತರವನ್ನು ಅಳೆಯುವ ವಿಮಾನದ ಎತ್ತರಮಾಪಕಕ್ಕೆ ಈ ತತ್ತ್ವವೇ ಆಧಾರ. ಆದರೆ ಒತ್ತಡ ಇಳಿಯುವ ಪ್ರಮಾಣವು ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಆದುದರಿಂದ ಮಾಪಕದ ಮುಖದ ಮೇಲೆ ಅಡಿಗಳನ್ನು ಗುರುತಿಸಬೇಕಾದರೆ ತಾಪಮಾನದ ಒಂದು ನಿಯಮವನ್ನು ಮೊದಲೇ ಊಹಿಸಿಕೊಳ್ಳುವುದು ಅನಿವಾರ್ಯ. ಈ ಇಳಿಕೆಗೆ ಮಿತಿಯುಂಟೆಂಬುದನ್ನು ತೆಸ್ಸರಾಂಕ್ ದ ಬೋರ್ ಮಾನವರಹಿತ ಬೆಲೂನುಗಳ ನೆರವಿನಿಂದ ಕಂಡುಕೊಂಡು 1902ರಲ್ಲಿ ಪ್ರಕಟಿಸಿದನು.

ಮೊದಲನೆಯ ಮಹಾಯುದ್ಧದ ತರುವಾಯ, ವಿಮಾನಗಳ ಸಾಮರ್ಥ್ಯವನ್ನು ಹೋಲಿಸಲು ಸಮಾನ ಅಳತೆಗೋಲು ಬೇಕಾಯಿತು. 1919ರಲ್ಲಿ ಫ್ರಾನ್ಸಿನ ತೂಸೆಂ ಸರಳ ರೇಖೆಯೊಂದನ್ನು ಸೂಚಿಸಿದನು: ಸಮುದ್ರಮಟ್ಟದಲ್ಲಿ 15 ಡಿಗ್ರಿ, 10 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ, ಅಂದರೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ. ಅಮೆರಿಕದಲ್ಲಿ 1922ರಲ್ಲಿ ಗ್ರೆಗ್ ಇದನ್ನು ಸುಮಾರು 40 ಡಿಗ್ರಿ ಅಕ್ಷಾಂಶದ ಸರಾಸರಿ ವೀಕ್ಷಣೆಗಳೊಡನೆ ಹೋಲಿಸಿ ನಿಕಟ ಸಾಮ್ಯವನ್ನು ಗುರುತಿಸಿದನು. 1952ರ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇದೇ ಇಳಿಕೆಯ ದರವನ್ನು ಒಳಗೊಂಡ ಪ್ರಮಾಣಿತ ವಾಯುಮಂಡಲವನ್ನು ಅಂಗೀಕರಿಸಿತು. ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೋಪಾಸ್ಕಲ್ ಎಂದೂ, 11 ಕಿಲೋಮೀಟರಿನಿಂದ ಮೇಲಕ್ಕೆ ತಾಪಮಾನ ಸೊನ್ನೆಗಿಂತ 56.5 ಡಿಗ್ರಿ ಕೆಳಗೆ ಸ್ಥಿರವೆಂದೂ ನಿಗದಿಯಾಯಿತು. ಸಾವಿರ ಅಡಿಗೆ 1.98 ಡಿಗ್ರಿಯ ಈ ಇಳಿಕೆಯೇ ಪರೀಕ್ಷೆಯಲ್ಲಿ 2 ಆಗಿದೆ. ಸುಮಾರು 36,000 ಅಡಿಯಾಚೆಗೆ ಸೂತ್ರ ಅನ್ವಯಿಸದು.

ಗಮನಾರ್ಹ ಸಂಗತಿಯೆಂದರೆ, ಈ ವಾಯುಮಂಡಲವು ಸಮಶೀತೋಷ್ಣ ವಲಯದ್ದು. ಉಷ್ಣವಲಯದಲ್ಲಿ ತಾಪಮಾನದ ಇಳಿಕೆ ಸುಮಾರು 16-17 ಕಿಲೋಮೀಟರುಗಳವರೆಗೆ ಮುಂದುವರಿಯುತ್ತದೆ. ಕರ್ನಾಟಕದ ವಿದ್ಯಾರ್ಥಿಯು ಕಲಿಯುವುದು ತನ್ನ ತಲೆಯ ಮೇಲಿಲ್ಲದ ಆಕಾಶವನ್ನು.

ಹಾಗೆಂದು ಈ ಪ್ರಮಾಣವು ನಿರರ್ಥಕವಲ್ಲ. ಎತ್ತರದ ಹಾರಾಟದಲ್ಲಿ ಎಲ್ಲ ವಿಮಾನಗಳೂ 1013.25ಕ್ಕೆ ಮಾಪಕವನ್ನು ಹೊಂದಿಸಿಕೊಂಡರೆ ದೋಷವು ಎಲ್ಲರಿಗೂ ಬಹುಮಟ್ಟಿಗೆ ಒಂದೇ ಆಗಿ, ಅವುಗಳ ನಡುವಣ ಅಂತರ ಉಳಿಯುತ್ತದೆ. ಆದರೆ ನೆಲದೊಡನೆ ವ್ಯವಹರಿಸುವಾಗ ವ್ಯತ್ಯಾಸವನ್ನು ಎಣಿಸಲೇಬೇಕು. ಪ್ರಮಾಣಕ್ಕಿಂತ ತಣ್ಣಗಿನ ಗಾಳಿಯಲ್ಲಿ ವಿಮಾನವು ಮಾಪಕ ತೋರಿಸುವುದಕ್ಕಿಂತ ಕೆಳಗಿರುತ್ತದೆ. ಬೆಟ್ಟಗಳ ನಡುವೆ ಇದು ಮಾರಕ. ಇನ್ನು, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಒತ್ತಡ ಎತ್ತರವೂ ಅಷ್ಟೇ ಇದ್ದರೆ ಪ್ರಮಾಣಿತ ತಾಪಮಾನ 9 ಡಿಗ್ರಿ. ಬೇಸಿಗೆಯ ಮಧ್ಯಾಹ್ನ 34 ಇದ್ದರೆ ಹೆಚ್ಚಳ 25 ಡಿಗ್ರಿ. ಡಿಗ್ರಿಗೆ 120 ಅಡಿಯಂತೆ ಲೆಕ್ಕಿಸಿದರೆ, ರನ್‌ವೇ ಮೇಲಿನ ಗಾಳಿಯು 6,000 ಅಡಿಯಲ್ಲಿರುವಷ್ಟು ತೆಳುವಾಗಿರುತ್ತದೆ; ವಿಮಾನವು ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ.

ಆದುದರಿಂದ ಪ್ರಮಾಣಿತ ತಾಪಮಾನವನ್ನು ಗಾಳಿಯ ವರ್ಣನೆಯೆಂದು ಗ್ರಹಿಸದೆ, ವಾಸ್ತವವು ಎಷ್ಟು ಭಿನ್ನವೆಂದು ಅಳೆಯುವ ಗೆರೆಯೆಂದು ಗ್ರಹಿಸುವುದು ಯುಕ್ತ.