ಸೆಕೆಂಡಿಗೆ ಎಷ್ಟು ಚಿತ್ರ?

ಕಂಪ್ಯೂಟರ್ ಆಟಗಳ ಮೂರು ಆಯಾಮದ ದೃಶ್ಯಗಳನ್ನು ಲೆಕ್ಕ ಹಾಕಿ ಪರದೆಯ ಮೇಲೆ ಮೂಡಿಸುವ ಸಾಧನ ಗ್ರಾಫಿಕ್ಸ್ ಕಾರ್ಡ್. ಮನೆಮಂದಿ ಇದನ್ನು ಕೇಳಿ ಕೊಳ್ಳುವಂತೆ ಮಾಡಿದ್ದರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಕಂಪನಿ 1996ರಲ್ಲಿ ತಂದ ವೂಡೂ ಚಿಪ್‌ನ ಪಾತ್ರ ದೊಡ್ಡದು. ಅದು ಮೂರು ಆಯಾಮದ ಕೆಲಸವನ್ನಷ್ಟೇ ಮಾಡುತ್ತಿತ್ತು. ಉಳಿದದ್ದಕ್ಕೆ ಇನ್ನೊಂದು ಕಾರ್ಡ್ ಇರಲೇಬೇಕಿತ್ತು. ಆದರೂ ಜನ ಕೊಂಡರು. ಆಟ ತಡವರಿಸದೆ ಓಡುತ್ತಿತ್ತು, ಅವರಿಗೆ ಬೇಕಿದ್ದುದೂ ಅದೇ.

1999ರಲ್ಲಿ ಪೈಪೋಟಿ ಬಿಗಿಯಾಯಿತು. ವೂಡೂ3 ಆಟದ ದೃಶ್ಯಗಳನ್ನು 16 ಬಿಟ್‌ಗಳಲ್ಲಿ, ಅಂದರೆ 65,536 ಬಣ್ಣಗಳಲ್ಲಿ ಬಿಡಿಸುತ್ತಿತ್ತು. ಎನ್‌ವಿಡಿಯಾ ಕಂಪನಿಯ ಟಿಎನ್‌ಟಿ2 ಸುಮಾರು 1.67 ಕೋಟಿ ಬಣ್ಣಗಳನ್ನು ಕೊಡಬಲ್ಲದಾಗಿತ್ತು. ಆದರೆ ಹಾಗೆ ಮಾಡಿದಾಗ ಅದರ ವೇಗ ಕುಗ್ಗುತ್ತಿತ್ತು. ಚಂದ ಬೇಕೆ, ವೇಗ ಬೇಕೆ? ಚಂದವನ್ನು ಅಳೆಯುವ ಮಾನವಿಲ್ಲ. ವೇಗಕ್ಕಾದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಒಂದೇ ಸಂಖ್ಯೆ ಸಾಕು. ಪತ್ರಿಕೆಗಳ ವಿಮರ್ಶೆಗಳಲ್ಲಿ ಆ ಸಂಖ್ಯೆಯ ಉದ್ದುದ್ದ ಪಟ್ಟಿಗಳೇ ತುಂಬಿಕೊಂಡವು. (ತ್ರೀಡಿಎಫ್‌ಎಕ್ಸ್ 2000ದ ಡಿಸೆಂಬರಿನಲ್ಲಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಲು ಒಪ್ಪಿತು. ಬಣ್ಣವೊಂದೇ ಅದಕ್ಕೆ ಕಾರಣವಲ್ಲ.)

ಸಂಖ್ಯೆ ಮುಖ್ಯವಾದ ಮೇಲೆ ಸಂಖ್ಯೆಗಾಗಿಯೇ ದುಡಿಯುವವರು ಬಂದರು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ತಂತ್ರಾಂಶ ‘ಕ್ವೇಕ್ 3’ ಆಟವನ್ನು ಹೆಸರಿನಿಂದಲೇ ಗುರುತಿಸುತ್ತಿದ್ದುದು ಬಯಲಾಯಿತು. ಆಟದ ಕಡತದಲ್ಲಿ ‘ಕ್ವೇಕ್’ ಎಂದಿದ್ದುದನ್ನು ‘ಕ್ವ್ಯಾಕ್’ ಎಂದು ಬದಲಿಸಿದೊಡನೆ ಚಿತ್ರ ಸ್ಪಷ್ಟವಾಯಿತು, ವೇಗ ಇಳಿಯಿತು! 2003ರಲ್ಲಿ ‘3ಡಿಮಾರ್ಕ್03’ ಎಂಬ ಪರೀಕ್ಷಾ ತಂತ್ರಾಂಶದ ವಿಷಯದಲ್ಲಿ ಇಂಥದೇ ಆರೋಪ ಎನ್‌ವಿಡಿಯಾದ ಮೇಲೂ ಬಂತು.

ಇವನ್ನು ಮೋಸವೆಂದು ಬದಿಗಿಡಬಹುದು. ಯಾರೂ ಮೋಸ ಮಾಡದಿದ್ದಾಗಲೂ ಆ ಸಂಖ್ಯೆ ಸಾಲದು ಎಂಬುದು ಹೆಚ್ಚು ಕುತೂಹಲದ ಸಂಗತಿ. ಲೆಕ್ಕ ಮಾಡಿ ನೋಡಿ. ಒಂದು ಕಾರ್ಡ್ ಸೆಕೆಂಡಿಗೆ 60 ಚಿತ್ರಗಳನ್ನು ತಲಾ 16.7 ಮಿಲಿಸೆಕೆಂಡಿನಲ್ಲಿ ಬಿಡಿಸುತ್ತದೆ. ಇನ್ನೊಂದು 59 ಚಿತ್ರಗಳನ್ನು ತಲಾ 12.7 ಮಿಲಿಸೆಕೆಂಡಿನಲ್ಲಿ ಮುಗಿಸಿ, ಉಳಿದ ಒಂದಕ್ಕೇ 250 ಮಿಲಿಸೆಕೆಂಡು ತಿನ್ನುತ್ತದೆ. ಎರಡರ ಸರಾಸರಿಯೂ 60. ಆದರೆ ಎರಡನೆಯದರಲ್ಲಿ ಕಾಲು ಸೆಕೆಂಡು ಪರದೆ ಸ್ತಬ್ಧ. ಆಡುವವನು ಅಷ್ಟರಲ್ಲಿ ಸೋತಿರುತ್ತಾನೆ. ಸರಾಸರಿ ವೇಗ, ಕ್ಷಣವೇಗಗಳ ಅಂತರವನ್ನು ತರಗತಿಯಲ್ಲಿ ಕಲಿಸಲು ಬಸ್ಸು ರೈಲುಗಳಿಗಿಂತ ಇದು ವಾಸಿ.

ಪ್ರತಿಯೊಂದು ಚಿತ್ರದ ಕಾಲವನ್ನೂ ನಕ್ಷೆಯಲ್ಲಿ ಗುರುತಿಸಿ ಕಾರ್ಡುಗಳನ್ನು ಹೋಲಿಸುವ ಕ್ರಮವನ್ನು 2011ರಲ್ಲಿ ಮುಂದಿಟ್ಟವರು ‘ದ ಟೆಕ್ ರಿಪೋರ್ಟ್’ನ ಸಂಪಾದಕ ಸ್ಕಾಟ್ ವಾಸನ್. ಎರಡು ಕಾರ್ಡುಗಳನ್ನು ಜೋಡಿಸಿದಾಗ ಸರಾಸರಿ ಬಹಳ ಏರಿದರೂ ಆಟ ಏಕೆ ಎಡವುತ್ತದೆ ಎಂಬ ಗ್ರಾಹಕರ ಹಳೆಯ ದೂರಿಗೆ ಆಧಾರ ಸಿಕ್ಕಿತು: ಚಿತ್ರಗಳು ಸಮ ಅಂತರದಲ್ಲಿ ಬರುತ್ತಿರಲಿಲ್ಲ. ಎಟಿಐಯನ್ನು 2006ರಲ್ಲಿ ಕೊಂಡಿದ್ದ ಎಎಂಡಿ ಕಂಪನಿ, ಈ ಅಂತರವನ್ನು ಸಮಗೊಳಿಸುವ ತಂತ್ರಾಂಶವನ್ನು 2013ರಲ್ಲಿ ಬಿಡುಗಡೆ ಮಾಡಿತು. ಈಗ ಅನೇಕ ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲೇ, ಅತಿ ನಿಧಾನವಾದ ಶೇಕಡಾ 1ರಷ್ಟು ಚಿತ್ರಗಳ ವೇಗವನ್ನೂ ಅಚ್ಚು ಹಾಕುತ್ತಾರೆ.